ಮೂಸ್‌ನ ಕೊಂಬಲ್ಲ, ಕಿವಿ ನೋಡಿ

ಅವ್ವನ ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈ ಬಾಗಿಲ ಹಿಡಿಯ ಮೇಲೆ. ನಾನು ಅಡುಗೆಮನೆಯಿಂದ ಓಡಿಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

“ಯಾಕೆ ಮಗಾ? ನೋಡಕ್ಕೆ ನಮ್ಮ ಹಸು ಥರಾನೇ ಐತೆ. ಮನೆ ಬಾಗಿಲಿಗೆ ಬಂದಿದ್ದಕ್ಕೆ ಒಂದು ಹಣ್ಣು ಕೊಟ್ರೆ ಏನಾಯ್ತದೆ?”

ಕಿಟಕಿಯಾಚೆ, ಬರ್ಚ್ ಮರದ ಬುಡದಲ್ಲಿ ಒಂದು ವರ್ಷದ ಮೂಸ್ ನಿಂತಿತ್ತು. ಚಳಿಗಾಲ ಕಳೆದು ಸೊರಗಿದ ಮೈ, ಅಲ್ಲಲ್ಲಿ ಉದುರುತ್ತಿದ್ದ ಕೂದಲು, ಮೈಗೆ ಹೊಂದದಷ್ಟು ಉದ್ದದ ಕಾಲು. ಅತ್ತ ಒಮ್ಮೆ ಇತ್ತ ಒಮ್ಮೆ ತಲೆ ತಿರುಗಿಸುತ್ತ, ಯಾವ ಕಡೆ ಹೋಗಬೇಕೆಂದು ತಿಳಿಯದ ಹಾಗೆ ನಿಂತಿತ್ತು. ಮೇ ತಿಂಗಳ ನಡುಭಾಗದಲ್ಲಿ ಇಂಥವು ಊರ ತುಂಬ ಕಾಣುತ್ತವೆ. ಹೊಸ ಮರಿ ಹಾಕುವ ಸಮಯ ಹತ್ತಿರ ಬಂದಾಗ, ಒಂದು ವರ್ಷ ಜೊತೆಯಲ್ಲೇ ಇಟ್ಟುಕೊಂಡಿದ್ದ ಹಳೆಯ ಮರಿಯನ್ನು ತಾಯಿ ಅಟ್ಟಿಬಿಡುತ್ತದೆ. ಅದಕ್ಕೆ ದಿಕ್ಕು ತೋಚುವುದಿಲ್ಲ. ಇದನ್ನು ಹೇಳಿದ ಮೇಲೆ ಅವ್ವನಿಗೆ ಕನಿಕರ ಇನ್ನೂ ಹೆಚ್ಚಾಯಿತು. ಬಾಳೆಹಣ್ಣನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ಹತ್ತು ನಿಮಿಷ ಬೇಕಾಯಿತು.

ಅಪ್ಪ ಅವ್ವ ಸಕಲೇಶಪುರದ ಕಡೆಯ ಹಾನುಬಾಳಿನಿಂದ ಆಂಕರೇಜ್‌ಗೆ ಬಂದು ಆಗ ನಾಲ್ಕೇ ದಿನ. ಅಲಾಸ್ಕಾದ ಈ ಊರಿನಲ್ಲಿ ನಾನು, ನಮ್ಮವರು, ಮಗ ಹನ್ನೊಂದು ಚಳಿಗಾಲ ಕಳೆದಿದ್ದೇವೆ. ನಮ್ಮವರಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ, ನನಗೆ ಒಂದು ಕ್ಲಿನಿಕ್‌ನಲ್ಲಿ ಲೆಕ್ಕಪತ್ರದ ಕೆಲಸ. ಊರಿಂದ ಯಾರೇ ಬರಲಿ, ಬೆಂಗಳೂರಿನ ಗೆಳತಿಯರಿರಲಿ, ಸಿಯಾಟಲ್ ಕಡೆಯ ಕನ್ನಡದವರಿರಲಿ, ಮೊದಲು ಕೇಳುವುದು “ಮೂಸ್ ತೋರಿಸ್ತೀಯಾ?” ಅಂತ. ತೋರಿಸುತ್ತೇನೆ. ಆದರೆ ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡುತ್ತೇನೆ. ಈ ಸಲ ಅದನ್ನೇ ಬರೆದಿಡೋಣ ಅನಿಸಿತು.

ಮೂಸ್ ಜಿಂಕೆಯ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡ ಪ್ರಾಣಿ. ನಮ್ಮ ಕಡವೆಗೆ ದೂರದ ನೆಂಟ ಅನ್ನಬಹುದು, ಆದರೆ ಎದುರು ನಿಂತರೆ ನೆನಪಾಗುವುದು ಕಡವೆಯಲ್ಲ, ಕಾಟಿ. ಅದರಲ್ಲೂ ಅಲಾಸ್ಕಾದ ತಳಿ ಎಲ್ಲಕ್ಕಿಂತ ದೊಡ್ಡದು. ಇಲ್ಲಿಯ ಬೆಳೆದ ಗಂಡು 700 ಕಿಲೋವರೆಗೂ ತೂಗುತ್ತದೆ, ಹೆಣ್ಣು 350ರಿಂದ 600 ಕಿಲೋ. ಗಂಡಿನ ಭುಜದ ಎತ್ತರವೇ ಆರಡಿ ದಾಟುತ್ತದೆ, ತಲೆ ಅದರ ಮೇಲೆ. ಕೊಂಬು ಮೊರದ ಹಾಗೆ ಅಗಲ, ದೊಡ್ಡ ಗಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಆರಡಿ. ಗಂಟಲ ಕೆಳಗೆ ಒಂದು ಜೋಲು ಚರ್ಮ ತೂಗುತ್ತಿರುತ್ತದೆ. ಅಲಾಸ್ಕಾ ರಾಜ್ಯದಲ್ಲಿ ಇವು ಸುಮಾರು 1,75,000ದಿಂದ 2,00,000 ಇವೆ ಎಂದು ಇಲ್ಲಿಯ ಮೀನು ಮತ್ತು ಬೇಟೆ ಇಲಾಖೆಯ ಅಂದಾಜು. ಆಂಕರೇಜ್ ಸುಮಾರು ಮೂರು ಲಕ್ಷ ಜನರ ಊರು. ಆದರೂ ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಮಗನ ಶಾಲೆಯ ಮೈದಾನದಲ್ಲಿ ಮೂಸ್ ಇರುತ್ತದೆ. ಮೈದಾನಕ್ಕೆ ಬಂದ ದಿನ ಮಕ್ಕಳಿಗೆ ಆಟದ ಬಿಡುವು ಕೋಣೆಯೊಳಗೇ.

ಹಾಗೆ ದಿನವೂ ಕಾಣುವುದೇ ಅಪಾಯ. ಕರಡಿ ಕಂಡರೆ ಯಾರೂ ಹೇಳಿಕೊಡಬೇಕಿಲ್ಲ, ಎದೆ ತಾನಾಗೇ ಹೊಡೆದುಕೊಳ್ಳುತ್ತದೆ. ಮೂಸ್ ಕಂಡರೆ ಹಾಗಾಗುವುದಿಲ್ಲ. ಮೆಲ್ಲಗೆ ಅಗಿಯುತ್ತಿರುತ್ತದೆ, ಕಣ್ಣು ಸಾಧು, ಮೂತಿ ಉದ್ದ. ಹಸುವಿನ ಮೈ ತಡವಿ ಬೆಳೆದ ನಮ್ಮಂಥವರಿಗಂತೂ ಕೈ ತಾನಾಗೇ ಮುಂದೆ ಹೋಗುತ್ತದೆ.

ನನ್ನ ಕೈಯೂ ಹೋಗಿತ್ತು. ಇಲ್ಲಿಗೆ ಬಂದ ಮೊದಲ ಡಿಸೆಂಬರ್. ಆಗ ಬಾಡಿಗೆಯ ಅಪಾರ್ಟ್‌ಮೆಂಟ್‌ನಲ್ಲಿದ್ದೆವು. ಬೆಳಗ್ಗೆ ಏಳೂವರೆ, ಆದರೆ ನಡುರಾತ್ರಿಯ ಕತ್ತಲು; ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಹತ್ತು ಗಂಟೆ ದಾಟಿರುತ್ತದೆ. ಕಾರಿನ ಕಡೆ ನಡೆಯುತ್ತಿದ್ದವಳಿಗೆ ದೀಪದ ಕಂಬದ ಕೆಳಗೆ ಒಂದು ಹೆಣ್ಣು ಮೂಸ್ ಕಂಡಿತು. ಅಂದಕ್ಕೆಂದು ನೆಟ್ಟ ಮರದ ಕೊಂಬೆಯನ್ನು ಎಳೆದೆಳೆದು ತಿನ್ನುತ್ತಿತ್ತು. ತಲೆಯ ಮೇಲೆ ಕೊಂಬಿರಲಿಲ್ಲ. ಕೊಂಬಿಲ್ಲದ್ದು ಏನು ಮಾಡೀತು ಅಂದುಕೊಂಡು ಫೋನ್ ತೆಗೆದೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನಮ್ಮಿಬ್ಬರ ನಡುವೆ ಹದಿನೈದಡಿ ಉಳಿದಿರಬಹುದು. ಅದು ತಿನ್ನುವುದನ್ನು ನಿಲ್ಲಿಸಿತು. ನಾನು ಸಂತೋಷಪಟ್ಟೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ಕಿವಿ ಹಿಂದಕ್ಕೆ ಮಲಗಿದವು. ಕತ್ತಿನ ಹಿಂದೆ, ಬೆನ್ನ ಗೂನಿನ ಮೇಲೆ ಕೂದಲು ನೆಟ್ಟಗಾಯಿತು. ನಾಲಿಗೆ ಚಾಚಿ ತುಟಿ ಸವರಿಕೊಂಡಿತು. ಇಷ್ಟೂ ಆ ಫೋನಿನಲ್ಲಿ ದಾಖಲಾಗಿದೆ, ಈಗ ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದು ನನ್ನ ಜೊತೆ ಮಾತಾಡುತ್ತಲೇ ಇತ್ತು, ನನಗೆ ಆ ಭಾಷೆ ಬರುತ್ತಿರಲಿಲ್ಲ.

ನುಗ್ಗಿದ್ದು ಕಂಡದ್ದಷ್ಟೇ ನೆನಪು. ಎರಡು ಕಾರುಗಳ ಸಂದಿಗೆ ಹೇಗೆ ಹೊಕ್ಕೆನೋ ಗೊತ್ತಿಲ್ಲ. ಪಕ್ಕದ ಕಾರಿನ ಬಾಗಿಲಿಗೆ ಅದರ ಮುಂಗಾಲಿನ ಗೊರಸು ಬಡಿದ ಸದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ತಗಡು ಒಳಕ್ಕೆ ತಗ್ಗಿ ಹೋಗಿತ್ತು. ಮೇಲಿನ ಬಾಲ್ಕನಿಯಿಂದ ಒಬ್ಬ ಅಜ್ಜಿ “ಅಲ್ಲೇ ಇರು, ಅಲ್ಲಾಡಬೇಡ” ಅಂತ ಕೂಗಿದರು. ಇಪ್ಪತ್ತು ನಿಮಿಷ ಹಿಮದ ಮೇಲೆ ಕೂತಿದ್ದೆ. ಅದು ಮತ್ತೆ ಮರದ ಹತ್ತಿರ ಹೋಗಿ ಅದೇ ಕೊಂಬೆ ತಿನ್ನತೊಡಗಿತು, ಏನೂ ನಡೆದೇ ಇಲ್ಲವೆಂಬಂತೆ.

ಆಮೇಲೆ ಆ ಅಜ್ಜಿ ನನ್ನನ್ನು ಮನೆಗೆ ಕರೆದು ಕಾಫಿ ಕೊಟ್ಟರು. ಇಲ್ಲೇ ಹುಟ್ಟಿ ಬೆಳೆದವರು. ಅವರು ಹೇಳಿದ ಮಾತು ಇಷ್ಟೇ: ಮೂಸ್ ಹೊಡೆಯುವುದು ಕೊಂಬಿನಿಂದಲ್ಲ, ಕಾಲಿನಿಂದ, ಅದಕ್ಕೇ ಕೊಂಬು ಹುಡುಕಬೇಡ, ಕಿವಿ ನೋಡು. ಕೇಳಿದ ತಕ್ಷಣ ನನಗೆ ನಮ್ಮ ತೋಟ ನೆನಪಾಯಿತು. ಸಕಲೇಶಪುರದ ಕಡೆಯವರಿಗೆ ಆನೆಯ ವಿಷಯ ಹೊಸದಲ್ಲ. ಕಾಫಿ ಕುಯ್ಯಲು ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಚಿಕ್ಕಂದಿನಲ್ಲಿ ನನಗೆ ಹೇಳುತ್ತಿದ್ದಳು: “ಆನೆ ಕಿವಿ ಬೀಸ್ತಾ ಇದ್ರೆ ಅದರ ಪಾಡಿಗೆ ಅದೈತೆ. ಕಿವಿ ನಿಲ್ತು ಅಂದ್ರೆ ನೀನು ನಿಂತ್ಕಬೇಡ.” ಹತ್ತು ವರ್ಷದವಳಿದ್ದಾಗ ಕಲಿತ ಪಾಠವನ್ನು ಬೇರೆ ದೇಶದಲ್ಲಿ, ಬೇರೆ ಪ್ರಾಣಿಯ ಮುಂದೆ ಮರೆತಿದ್ದೆ.

ಮೂಸ್‌ನ ಕಿವಿ ಉದ್ದ. ಒಂದು ಮುಂದೆ, ಒಂದು ಪಕ್ಕಕ್ಕೆ, ಬೇರೆ ಬೇರೆ ತಿರುಗುತ್ತಿದ್ದರೆ ಅದು ಸುತ್ತಲಿನ ಸದ್ದು ಕೇಳುತ್ತಿದೆ ಎಂದು ಅರ್ಥ. ದೃಷ್ಟಿ ಅಷ್ಟು ಚುರುಕಲ್ಲ, ಕಿವಿ ಮೂಗುಗಳೇ ಅದಕ್ಕೆ ಆಸರೆ. ಎರಡೂ ಕಿವಿ ನಿಮ್ಮ ಕಡೆಗೇ ನಿಂತವೆಂದರೆ ಅದು ನಿಮ್ಮ ಬಗ್ಗೆ ಯೋಚಿಸುತ್ತಿದೆ. ಅಲ್ಲಿಗೇ ನಿಲ್ಲಿಸಿ ಹಿಂದೆ ಸರಿಯಬೇಕು. ಕಿವಿ ಹಿಂದಕ್ಕೆ ಒರಗಿ, ಕತ್ತಿನ ಕೂದಲು ಎದ್ದು, ತುಟಿ ನೆಕ್ಕಿಕೊಂಡು, ಕಣ್ಣಿನ ಬಿಳಿ ಕಾಣಿಸಿದರೆ ಯೋಚನೆ ಮುಗಿದಿದೆ. ಆಗ ನೀವು ಯಾವ ಮರದ ಹಿಂದೆ ಹೋಗುತ್ತೀರಿ ಎಂಬುದು ಮೊದಲೇ ಗೊತ್ತಿರಬೇಕು. ನಾನು ಈಗ ಎಲ್ಲಿ ಮೂಸ್ ಕಂಡರೂ ಮೊದಲು ಅದನ್ನಲ್ಲ, ನನ್ನ ಪಕ್ಕದ ಮರವನ್ನು ನೋಡುತ್ತೇನೆ.

ಓಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕರಡಿಯ ಮುಂದೆ ಓಡಲೇಬಾರದು. ಮೂಸ್‌ನ ಮುಂದೆ ಓಡಬೇಕು. ಅದಕ್ಕೆ ನಿಮ್ಮನ್ನು ಹಿಡಿದು ತಿನ್ನುವ ಆಸೆಯಿಲ್ಲ, ನೀವು ಅಲ್ಲಿಂದ ತೊಲಗಿದರೆ ಸಾಕು, ಹೆಚ್ಚಾಗಿ ದೂರ ಅಟ್ಟಿಸಿಕೊಂಡು ಬರುವುದಿಲ್ಲ. ಆದರೆ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿ, ಬಯಲಲ್ಲಿ ಓಡಿ ಗೆಲ್ಲಲಾಗದು. ಮರ, ಕಾರು, ಗೋಡೆ, ಯಾವುದಾದರೂ ಗಟ್ಟಿಯಾದದ್ದು ನಡುವೆ ಬರಬೇಕು. ಕೆಲವು ಸಲ ಅದು ಬರೀ ಹೆದರಿಸಲು ನಾಲ್ಕು ಹೆಜ್ಜೆ ನುಗ್ಗಿ ನಿಲ್ಲುತ್ತದೆ. ಹೆದರಿಸುವುದೋ ನಿಜವೋ ಎಂದು ನಿಂತು ನೋಡಬಾರದು. ಕೆಡವಿದರೆ ಮುದುಡಿಕೊಂಡು, ಕೈಗಳಿಂದ ತಲೆ ಕತ್ತು ಮುಚ್ಚಿಕೊಂಡು, ಅದು ದೂರ ಹೋಗುವವರೆಗೂ ಮಿಸುಕದೆ ಬಿದ್ದಿರಬೇಕು. ಬೇಗ ಎದ್ದರೆ ಮತ್ತೆ ಬರುತ್ತದೆ.

ಚಳಿಗಾಲದಲ್ಲಿ ಅದಕ್ಕೆ ಯಾಕೆ ಅಷ್ಟು ಸಿಡುಕು ಎಂಬುದು ನನಗೆ ಅರ್ಥವಾಗಲು ಎರಡು ಮೂರು ವರ್ಷ ಬೇಕಾಯಿತು. ಬೇಸಿಗೆಯಲ್ಲಿ ನೀರುಗಿಡ, ಚಿಗುರು ತಿಂದು ಕೊಬ್ಬುವ ಪ್ರಾಣಿ ಚಳಿಗಾಲ ಪೂರ್ತಿ ವಿಲೋ, ಬರ್ಚ್, ಆಸ್ಪೆನ್ ಮರಗಳ ಕಡ್ಡಿ ತೊಗಟೆಯ ಮೇಲೆ ಬದುಕಬೇಕು. ತಿಂದಷ್ಟಕ್ಕೂ ಮೈ ಇಳಿಯುತ್ತಲೇ ಹೋಗುತ್ತದೆ. ಉದ್ದ ಕಾಲು ಹಿಮ ದಾಟುವುದಕ್ಕೇ ಇರುವುದು, ಆದರೆ ಹಿಮ ಸೊಂಟದೆತ್ತರ ಬಂದಾಗ ಒಂದೊಂದು ಹೆಜ್ಜೆಗೂ ಉಳಿಸಿಟ್ಟ ಕೊಬ್ಬು ಕರಗುತ್ತದೆ. ಅದಕ್ಕೇ ನಾವು ಹಿಮ ತೆಗೆದ ರಸ್ತೆ, ರೈಲು ಹಳಿ, ಸ್ಕೀ ದಾರಿಗಳಲ್ಲಿ ಬಂದು ನಿಲ್ಲುತ್ತದೆ. ಕಿನ್‌ಕೇಡ್ ಉದ್ಯಾನದಲ್ಲಿ ಸ್ಕೀ ದಾರಿಯ ನಡುವೆ ಮೂಸ್ ಮಲಗಿರುವುದು ಸಾಮಾನ್ಯ. ಜನ ಚಪ್ಪಾಳೆ ತಟ್ಟುತ್ತಾರೆ, ಕೂಗುತ್ತಾರೆ. ನಮಗೆ ಅದು ಹತ್ತು ನಿಮಿಷದ ತಡ. ಅದಕ್ಕೆ ದಾರಿ ಬಿಟ್ಟು ಆಳದ ಹಿಮಕ್ಕಿಳಿಯುವುದೆಂದರೆ ಹೊಸ ಚಿಗುರು ಬರುವವರೆಗೆ ಕಾಪಾಡಿಕೊಳ್ಳಬೇಕಾದ ಜೀವದಲ್ಲಿ ಒಂದು ಪಾಲು. ತಿರುಗಿ ಬೇರೆ ದಾರಿ ಹಿಡಿಯಬೇಕಾದವರು ನಾವೇ. ನಾನು ಎಷ್ಟೋ ಭಾನುವಾರ ತಿರುಗಿ ಬಂದಿದ್ದೇನೆ.

ಒಬ್ಬರು ಕೆಣಕಿದ್ದಕ್ಕೆ ಇನ್ನೊಬ್ಬರು ಬೆಲೆ ತೆರುವುದೂ ಉಂಟು. 1995ರ ಜನವರಿಯಲ್ಲಿ ಇಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ತಾಯಿ ಮೂಸ್ ಮತ್ತು ಅದರ ಮರಿಗೆ ಹುಡುಗರು ಹಿಮದುಂಡೆ ಎಸೆಯುತ್ತ ಬಹಳ ಹೊತ್ತು ಕಾಡಿದ್ದರು. ಆ ಹೊತ್ತಿಗೆ ತನ್ನ ಪಾಡಿಗೆ ಕಟ್ಟಡದ ಬಾಗಿಲ ಕಡೆ ನಡೆದು ಬಂದ 71 ವರ್ಷದ ಒಬ್ಬರನ್ನು ಆ ತಾಯಿ ತುಳಿದು ಕೊಂದಿತು. ಅವರು ಯಾವ ಉಂಡೆಯನ್ನೂ ಎಸೆದಿರಲಿಲ್ಲ. ಹಾಗಾಗಿ ನನ್ನ ಮಗನಿಗೆ ನಾನು ಮೊದಲು ಹೇಳಿಕೊಟ್ಟದ್ದು, ಮೂಸ್ ಸುಮ್ಮನೆ ನಿಂತಿದ್ದರೂ ಬೆಳಗ್ಗೆಯಿಂದ ಅದಕ್ಕೆ ಏನೇನಾಗಿದೆಯೋ ನಮಗೆ ಗೊತ್ತಿಲ್ಲ ಅಂತ.

ನಾಯಿಯ ವಿಷಯ ಇನ್ನೂ ಬೇರೆ. ಮೂಸ್‌ಗೆ ನಾಯಿ ಎಂದರೆ ತೋಳ. ನಿಮ್ಮ ನಾಯಿ ಎಷ್ಟೇ ಸಣ್ಣದಿರಲಿ, ಬಾಲ ಅಲ್ಲಾಡಿಸಲಿ, ಅದರ ಕಣ್ಣಿಗೆ ತೋಳವೇ. ಇಲ್ಲಿಯ ಪ್ರಸಿದ್ಧ ನಾಯಿಬಂಡಿ ಓಟ ಇಡಿಟರಾಡ್‌ನಲ್ಲಿ 1985ರಲ್ಲಿ ಸೂಸನ್ ಬುಚರ್ ಅವರ ತಂಡದ ಮೇಲೆ ಒಂದು ಮೂಸ್ ಬಿತ್ತು. ಎರಡು ನಾಯಿ ಸತ್ತವು, ಹಲವು ಗಾಯಗೊಂಡವು, ಅವರು ಓಟ ಬಿಡಬೇಕಾಯಿತು. ಆ ವರ್ಷ ಲಿಬ್ಬಿ ರಿಡಲ್ಸ್ ಗೆದ್ದು ಆ ಓಟ ಗೆದ್ದ ಮೊದಲ ಮಹಿಳೆಯಾದರು. ಬುಚರ್ ಮುಂದಿನ ವರ್ಷದಿಂದ ನಾಲ್ಕು ಸಲ ಗೆದ್ದರು. 2022ರ ಫೆಬ್ರವರಿಯಲ್ಲಿ ಫೇರ್‌ಬ್ಯಾಂಕ್ಸ್ ಬಳಿ ಅಭ್ಯಾಸ ಮಾಡುತ್ತಿದ್ದ ಇನ್ನೊಂದು ತಂಡದ ಮೇಲೆ ಒಂದು ಮೂಸ್ ಗಂಟೆಗೂ ಹೆಚ್ಚು ಕಾಲ ಎರಗಿತು. ಬಂಡಿಗೆ ಕಟ್ಟಿದ ನಾಯಿಗಳಿಗೆ ಓಡಲೂ ದಾರಿಯಿರಲಿಲ್ಲ. ಮೂಸ್ ನೋಡಲು ಬರುವವರು ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಗ್ಗ ಬಿಚ್ಚಿದ ನಾಯಿ ಮೊದಲು ಬೊಗಳುತ್ತ ಅದರ ಹತ್ತಿರ ಹೋಗುತ್ತದೆ, ಆಮೇಲೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ನಿಮ್ಮ ಹತ್ತಿರವೇ ಓಡಿ ಬರುತ್ತದೆ.

ಬಾಳೆಹಣ್ಣಿನ ಮಾತಿಗೆ ಮತ್ತೆ ಬರುತ್ತೇನೆ. ಅಲಾಸ್ಕಾದಲ್ಲಿ ಮೂಸ್‌ಗೆ ಆಹಾರ ಕೊಡುವುದು ಕಾನೂನಿಗೆ ವಿರುದ್ಧ. ಅವ್ವನಿಗೆ ಕಾನೂನಿನ ಮಾತು ನಾಟಲಿಲ್ಲ. “ಹಸಿದೋರಿಗೆ ಕೊಡಬಾರ್ದು ಅನ್ನೋ ಕಾನೂನು ಎಂಥದು?” ಅಂದಳು. ಆಗ ಕಾನೂನು ಬಿಟ್ಟು ಕಥೆ ಹೇಳಿದೆ. ಒಮ್ಮೆ ಹಣ್ಣು ತಿಂದದ್ದು ನಾಳೆ ಪಕ್ಕದ ಮನೆಯ ಹುಡುಗಿಯ ಕೈ ನೋಡುತ್ತದೆ. ಅವಳ ಕೈಯಲ್ಲಿ ಏನೂ ಇರದಿದ್ದರೆ ಸಿಟ್ಟಾಗುತ್ತದೆ. ಮನುಷ್ಯರ ಮೇಲೆ ಹಾಯ್ದ ಮೂಸ್ ಅಂತ ದೂರು ಹೋಗುತ್ತದೆ. ಕೊನೆಗೆ ಗುಂಡು. ಅವ್ವ ಸುಮ್ಮನೆ ಕೇಳಿದಳು. ನಮ್ಮ ಕಡೆ ಲಾರಿಯವರು ಕಬ್ಬು ಎಸೆದು ಎಸೆದು ಆನೆ ರಸ್ತೆಗೆ ಬಂದು ನಿಲ್ಲುವುದನ್ನು ಕೇಳಿ ಬಲ್ಲವಳು. ಹಣ್ಣನ್ನು ತಾನೇ ಸುಲಿದು ಮೊಮ್ಮಗನಿಗೆ ಕೊಟ್ಟಳು.

ಎರಡು ವಾರ ಕಳೆದು, ಮೇ ಕೊನೆಯಲ್ಲಿ, ಒಂದು ಬೆಳಗ್ಗೆ ಅಪ್ಪ ಪಿಸುಮಾತಿನಲ್ಲಿ ಕರೆದರು. ಅವರು ಐದಕ್ಕೇ ಏಳುವವರು, ಇಲ್ಲಿಯ ಮೇ ತಿಂಗಳಲ್ಲಿ ಐದಕ್ಕೆ ಚೆನ್ನಾಗಿ ಬೆಳಕು ಹರಿದಿರುತ್ತದೆ. ಗ್ಯಾರೇಜಿನ ಪಕ್ಕ, ಕಸದ ಡಬ್ಬಿಯ ಹಿಂದೆ ತಾಯಿ ನಿಂತಿತ್ತು. ಕಾಲ ಬಳಿ ಎರಡು ಮರಿ. ಒಂದೆರಡು ದಿನದವು ಇರಬೇಕು. ಕೆಂಗಂದು ಬಣ್ಣ, ಊರ ಜಿಂಕೆಮರಿಯ ಹಾಗೆ ಚುಕ್ಕಿಗಳಿಲ್ಲ. ಹುಟ್ಟುವಾಗ ಹದಿನಾಲ್ಕು ಹದಿನೈದು ಕಿಲೋ ಇರುವ ಮರಿ, ಐದು ತಿಂಗಳಲ್ಲಿ ಅದರ ಹತ್ತು ಪಟ್ಟಾಗುತ್ತದೆ. ಒಂದು ಎದ್ದು ನಿಲ್ಲಲು ಹೋಗಿ ಹಿಂಗಾಲು ಜಾರಿ ಕೂತಿತು. ಅವಳಿ ಹುಟ್ಟುವುದು ಇಲ್ಲಿ ಸಾಮಾನ್ಯ, ಎರಡೂ ಬೇಸಿಗೆ ದಾಟುವುದು ಸಾಮಾನ್ಯವಲ್ಲ. ಮೊದಲ ಕೆಲವು ವಾರಗಳಲ್ಲೇ ಬಹಳಷ್ಟು ಮರಿ ಕರಡಿಯ ಪಾಲಾಗುತ್ತವೆ. ಆ ಭಯಕ್ಕೇ ತಾಯಂದಿರು ಮನೆಗಳ ಹತ್ತಿರ ಬರುತ್ತವೆ ಎಂದು ಇಲ್ಲಿಯವರು ನಂಬುತ್ತಾರೆ. ನಮ್ಮನ್ನು ನಂಬಿ ಬರುವುದಲ್ಲ, ಕರಡಿಗಿಂತ ನಾವು ವಾಸಿ ಅಷ್ಟೇ.

ವರ್ಷದಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದ ಕಾಲ ಇದು. 2024ರ ಮೇ ತಿಂಗಳಲ್ಲಿ ಹೋಮರ್ ಊರಿನಲ್ಲಿ 70 ವರ್ಷದ ಒಬ್ಬರು ಹೀಗೇ ಹೊಸದಾಗಿ ಹುಟ್ಟಿದ ಅವಳಿ ಮರಿಗಳ ಫೋಟೋ ತೆಗೆಯಲು ಹೋಗಿ ತಾಯಿಯ ಕಾಲಿಗೆ ಸಿಕ್ಕಿ ತೀರಿಕೊಂಡರು. ಮರಿ ಒಂಟಿಯಾಗಿ ಕಂಡರೆ ಅನಾಥ ಎಂದುಕೊಳ್ಳಬಾರದು. ತಾಯಿ ಪೊದೆಯಾಚೆ ಇರುತ್ತದೆ, ಇಲ್ಲವೇ ಇನ್ನೊಂದು ಮರಿ ನಿಮ್ಮ ಬೆನ್ನ ಹಿಂದೆ ಇರುತ್ತದೆ. ತಾಯಿ ಮರಿಗಳ ನಡುವೆ ಗೊತ್ತಿಲ್ಲದೆ ಸಿಕ್ಕಿಕೊಳ್ಳುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಆ ದಿನ ನಮ್ಮವರು ಕೆಲಸಕ್ಕೆ ಹೋಗಬೇಕಿತ್ತು. ಕಾರು ಗ್ಯಾರೇಜಿನೊಳಗೆ. ಶಟರ್ ಎತ್ತಿದರೆ ಆ ಸದ್ದಿಗೆ ತಾಯಿ ಏನು ಮಾಡುತ್ತಿತ್ತೋ. ಫೋನ್ ಮಾಡಿ, ಮರಿ ಹಾಕಿದ ಮೂಸ್ ಬಾಗಿಲಲ್ಲಿದೆ, ತಡವಾಗುತ್ತದೆ ಅಂದರು. ಆಚೆಯಿಂದ ಒಂದು ಪ್ರಶ್ನೆಯೂ ಬರಲಿಲ್ಲ, ಇಲ್ಲಿ ಅದು ಒಪ್ಪುವ ಕಾರಣ. ಮೂರು ಗಂಟೆ ಹೊತ್ತು ಮನೆಯೊಳಗೆ ಎಲ್ಲರೂ ಮೆತ್ತಗೆ ಓಡಾಡಿದೆವು. ಅವ್ವ ಅಕ್ಕಿರೊಟ್ಟಿ ತಟ್ಟುವುದನ್ನೂ ಸದ್ದಾಗದ ಹಾಗೆ ತಟ್ಟಿದಳು. ಮಗ ಕಿಟಕಿಯ ಪರದೆಯ ಸಂದಿಯಿಂದ ನೋಡಿ ನೋಡಿ ವರದಿ ಕೊಡುತ್ತಿದ್ದ: ಹಾಲು ಕುಡೀತಿದೆ, ಮಲಗಿತು, ಎದ್ದಿತು. ಎಂಟೂವರೆಗೆ ತಾಯಿ ಬೇಲಿಯಾಚೆ ಹೆಜ್ಜೆಯಿಟ್ಟಿತು, ಮರಿಗಳು ಹಿಂದೆ. ಅವು ಕಣ್ಮರೆಯಾದ ಮೇಲೂ ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆದೆವು. ನನ್ನ ಹನ್ನೊಂದು ವರ್ಷದಲ್ಲಿ ಮೂಸ್‌ ಅನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ನಡುವೆ ಗೋಡೆ ಇತ್ತು.

ಕಾರನ್ನೂ ಗೋಡೆಯೆಂದೇ ತಿಳಿಯಿರಿ. ದಾರಿಬದಿಯಲ್ಲಿ ಮೂಸ್ ಕಂಡರೆ ಜನ ಕಾರು ನಿಲ್ಲಿಸಿ ಇಳಿದುಬಿಡುತ್ತಾರೆ. ಇಳಿಯಬೇಡಿ. ಹಿಂದಿನವರಿಗೆ ತೊಂದರೆಯಾಗದ ಕಡೆ ನಿಲ್ಲಿಸಿ ಕಿಟಕಿಯಿಂದ ನೋಡಿ. ಆದರೆ ರಾತ್ರಿ ಓಡಿಸುವಾಗ ಅದೇ ಕಾರು ನಂಬುವಂಥದ್ದಲ್ಲ. ಜಿಂಕೆಯ ಕಣ್ಣು ದೀಪಕ್ಕೆ ಹೊಳೆಯುತ್ತದೆ. ಮೂಸ್‌ನ ಕಣ್ಣು ಕಾರಿನ ದೀಪದ ಬೆಳಕಿಗಿಂತ ಎಷ್ಟೋ ಮೇಲಿರುತ್ತದೆ, ಮೈ ಕಡುಗಂದು. ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಬಂಪರ್ ಬಡಿಯುವುದು ಕಾಲಿಗೆ, ಐನೂರು ಕಿಲೋದ ಮೈ ಬಂದು ಬೀಳುವುದು ಮುಂದಿನ ಗಾಜಿನ ಮೇಲೆ. ನಮ್ಮ ಊರಿನಿಂದ ಹೊರಡುವ ಗ್ಲೆನ್ ಹೆದ್ದಾರಿಯ ಪಕ್ಕ ಕಿಲೋಮೀಟರ್‌ಗಟ್ಟಲೆ ಎತ್ತರದ ಬೇಲಿ ಹಾಕಿರುವುದು ಇದಕ್ಕೇ. ನವೆಂಬರ್‌ನಿಂದ ಫೆಬ್ರವರಿವರೆಗೆ ನಾನು ರಾತ್ರಿ ಹೊತ್ತು ಫಲಕದಲ್ಲಿ ಹೇಳಿದ ವೇಗಕ್ಕಿಂತ ಕಡಿಮೆಯಲ್ಲೇ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯಲಿ. ಒಂದು ದಾಟಿತೆಂದು ತಕ್ಷಣ ಹೊರಡುವುದಿಲ್ಲ, ಅದರ ಹಿಂದೆ ಮರಿ ಬರುತ್ತಿರುತ್ತದೆ.

ನಡೆದು ಹೋಗುವಾಗ ಅದು ಕಾಣುವ ಮೊದಲೇ ಅದಿರುವುದನ್ನು ತಿಳಿದುಕೊಳ್ಳುವುದು ಒಂದು ವಿದ್ಯೆ, ನನಗೆ ಬಹಳ ಇಷ್ಟವಾದದ್ದು. ಚಳಿಗಾಲದ ಹಿಕ್ಕೆ ಸುಲಿದ ಅಡಿಕೆಯಷ್ಟು, ಸ್ವಲ್ಪ ಉದ್ದಕ್ಕೆ. ಒಣಗಿ ಬಣ್ಣ ಮಾಸಿದ್ದರೆ ಹಳೆಯದು, ಹೊಳೆಯುತ್ತಿದ್ದರೆ ಹುಷಾರು. ವಿಲೋ ಕಡ್ಡಿಯ ತುದಿ ನೋಡಿ. ಮೊಲ ತಿಂದಿದ್ದರೆ ಚಾಕುವಿನಿಂದ ಓರೆಯಾಗಿ ಕತ್ತರಿಸಿದ ಹಾಗಿರುತ್ತದೆ. ಮೂಸ್‌ಗೆ ಮೇಲಿನ ಮುಂಬಲ್ಲಿಲ್ಲ, ಹಾಗಾಗಿ ತುದಿ ನಾರುನಾರಾಗಿ ಹರಿದಿರುತ್ತದೆ. ಅಂಥ ಪೊದೆಗಳ ನಡುವೆ ಹೋಗುವಾಗ ನಾವು ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿಕೊಂಡು ಹೋಗುತ್ತೇವೆ. ತಿರುವಿನಲ್ಲಿ ಬೆಚ್ಚಿಬಿದ್ದ ಮೂಸ್‌ಗಿಂತ ದೂರದಿಂದಲೇ ನಮ್ಮ ಸದ್ದು ಕೇಳಿದ ಮೂಸ್ ಒಳ್ಳೆಯದು. ಕರಡಿಗೆಂದು ಕೊಂಡೊಯ್ಯುವ ಮೆಣಸಿನ ಸ್ಪ್ರೇ ಮೂಸ್‌ಗೂ ಆಗುತ್ತದೆ, ಅದು ಚೀಲದೊಳಗಲ್ಲ, ಸೊಂಟದಲ್ಲಿರಬೇಕು.

ದೂರ ಎಷ್ಟಿರಬೇಕು? ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಮೂಸ್‌ನಿಂದ ಕನಿಷ್ಠ 25 ಗಜ ಎಂಬ ನಿಯಮವಿದೆ. ಅದು ಕನಿಷ್ಠ, ನನಗೆ ಸಾಲದು. ಮರಿ ಇರುವ ತಾಯಿಗೆ, ಬೆದೆಗೆ ಬಂದ ಗಂಡಿಗೆ ನಾನು ಅದರ ನಾಲ್ಕು ಪಟ್ಟು ಬಿಡುತ್ತೇನೆ. ಗಜ ಎಣಿಸಲು ಬಾರದ ಮಗನಿಗೆ ಹೇಳಿಕೊಟ್ಟದ್ದು ಹೆಬ್ಬೆರಳಿನ ಲೆಕ್ಕ: ಕೈ ನೀಟಾಗಿ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತು. ಮೂಸ್ ಪೂರ್ತಿ ಬೆರಳ ಹಿಂದೆ ಅಡಗಬೇಕು. ಕಿವಿಯೋ ಬಾಲವೋ ಆಚೆ ಇಣುಕಿದರೆ ಹಿಂದೆ ಬಾ.

ಸೆಪ್ಟೆಂಬರ್ ಕೊನೆಯಲ್ಲಿ, ಅಪ್ಪ ಅವ್ವ ಊರಿಗೆ ಹೊರಡಲು ಮೂರು ವಾರ ಇದ್ದಾಗ, ಎಲ್ಲರೂ ಗ್ಲೆನ್ ಆಲ್ಪ್ಸ್‌ಗೆ ಹೋದೆವು. ನಗರದ ಅಂಚಿನಲ್ಲೇ ಚುಗಾಚ್ ರಾಜ್ಯ ಉದ್ಯಾನದ ಬೆಟ್ಟ. ಕಾರು ನಿಲ್ಲಿಸುವ ಕಡೆಯಿಂದ ವಿದ್ಯುತ್ ಕಂಬಗಳ ಜೊತೆ ಜೊತೆಗೆ ಒಂದು ದಾರಿ ಕಣಿವೆಯೊಳಕ್ಕೆ ಹೋಗುತ್ತದೆ. ಬೆದೆಯ ಕಾಲದಲ್ಲಿ ಅಲ್ಲಿ ಮೂಸ್‌ಗಳು ಸೇರುತ್ತವೆ. ಬೆಟ್ಟವೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿತ್ತು, ಮೇಲೆ ಆಗಲೇ ತೆಳ್ಳಗೆ ಹೊಸ ಹಿಮ. ಅವ್ವನಿಗೆ ಮಂಡಿ ನೋವು, ನಾವು ದೂರ ನಡೆಯಲಿಲ್ಲ. ದಿಬ್ಬದ ಮೇಲೆ ಒಂದು ಬಂಡೆ ಹುಡುಕಿ ಶಾಲು ಹಾಸಿ ಕೂರಿಸಿದೆ. ಗಾಳಿ ಕಣಿವೆಯಿಂದ ನಮ್ಮ ಕಡೆ ಬೀಸುತ್ತಿತ್ತು, ಬೇಕಾದದ್ದೂ ಅದೇ.

ಕೆಳಗೆ ಮುನ್ನೂರು ಮೀಟರ್ ದೂರದಲ್ಲಿ ಒಂದು ದೊಡ್ಡ ಗಂಡು. ಆಗಸ್ಟ್ ಕೊನೆಯವರೆಗೆ ಕೊಂಬಿಗಿದ್ದ ಮಖಮಲ್ಲಿನಂಥ ಚರ್ಮ ಸುಲಿದು ಬಿದ್ದು, ಕೊಂಬು ಹೊಳೆಯುತ್ತಿತ್ತು. ಅದರ ಸುತ್ತ ಮೂರು ಹೆಣ್ಣು. ಗಂಡು ಆಗಾಗ ಗಂಟಲಿನಿಂದ ಗುಟುರು ಹಾಕುತ್ತಿತ್ತು. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ಸದ್ದು. ಈ ದಿನಗಳಲ್ಲಿ ಅದು ಸರಿಯಾಗಿ ತಿನ್ನುವುದೂ ಇಲ್ಲ. ಆಚೆ ಇಳಿಜಾರಿನಲ್ಲಿ ಇನ್ನೊಂದು ಗಂಡು ಕಾಣಿಸಿತು. ಎರಡೂ ಎದುರಾಗಿ ಕೊಂಬನ್ನು ಎಡಕ್ಕೆ ಬಲಕ್ಕೆ ತೂಗಿ ತೋರಿಸಿದವು. ತಕ್ಕಡಿ ಹಿಡಿದು ತೂಗಿದ ಹಾಗೆ. ಕಾದಲಿಲ್ಲ, ಸಣ್ಣದು ತಾನೇ ಮುಖ ತಿರುಗಿಸಿ ಆಲ್ಡರ್ ಪೊದೆಯೊಳಗೆ ಹೋಯಿತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಲೆಕ್ಕ ಗೊತ್ತಿರೋ ಪ್ರಾಣಿ,” ಅಂದರು.

ನಮಗಿಂತ ಕೆಳಗೆ ಕ್ಯಾಮೆರಾ ಹಿಡಿದ ಇಬ್ಬರು ಪೊದೆಯ ಮರೆಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದರು. ದೊಡ್ಡ ಗಂಡು ತಲೆ ಎತ್ತಿತು. ದುರ್ಬೀನಿನಲ್ಲಿ ಕಿವಿ ಸ್ಪಷ್ಟವಾಗಿ ಕಂಡವು: ಎರಡೂ ಅವರ ಕಡೆಗೇ. ನನ್ನ ಕೈ ತಣ್ಣಗಾಯಿತು. ಮೇಲಿನಿಂದ ಕೂಗಿದೆ, ನಮ್ಮವರೂ ಕೂಗಿದರು. ಒಬ್ಬರಿಗೆ ಕೇಳಿಸಿತು, ಇನ್ನೊಬ್ಬರ ತೋಳು ಹಿಡಿದು ಎಳೆದರು. ಮೆಲ್ಲಗೆ, ಬೆನ್ನು ತೋರಿಸದೆ, ಹಿಂದೆ ಬಂದರು. ಗಂಡು ಅವರನ್ನು ಇನ್ನೂ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಒಂದು ಕಿವಿ ಹೆಣ್ಣುಗಳ ಕಡೆ ತಿರುಗಿತು, ತಲೆ ಕೆಳಗಿಳಿಯಿತು. ನಾನು ಹಿಡಿದಿದ್ದ ಉಸಿರು ಬಿಟ್ಟೆ.

ಅವ್ವ ದುರ್ಬೀನು ಕೇಳಿ ಇಸಿದುಕೊಂಡಳು. ಕಣ್ಣಿಗೆ ಸರಿಹೊಂದಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಸಿಕ್ತಾ ಅವ್ವ?”

“ಸಿಕ್ತು. ಮಲಗ್ತಾ ಐತೆ ಈಗ.” ಸ್ವಲ್ಪ ಹೊತ್ತು ಬಿಟ್ಟು, “ನಾವು ಇಲ್ಲಿ ಕುಂತಿರೋದು ಅದಕ್ಕೆ ಗೊತ್ತಾ ಮಗಾ?”

“ಇಲ್ಲ ಅವ್ವ.”

“ಸರಿ ಹಂಗಾದ್ರೆ,” ಅಂದಳು. ಮೊಣಕೈಯನ್ನು ಮಂಡಿಗೆ ಊರಿ, ದುರ್ಬೀನು ಕಣ್ಣಿನಿಂದ ತೆಗೆಯದೆ, ಬಿಸಿಲು ಬೆಟ್ಟ ಬಿಡುವವರೆಗೂ ಹಾಗೇ ಕೂತಿದ್ದಳು.